ತಾಳ ಹಾಕಿ ಬೆರಳಿಗೆ ನೀರುಗುಳ್ಳೆ ಏಳ್ತಿದೆ, ಏನು ಮಾಡಲಿ?

ಪ್ರಶ್ನೆ (ಕೊಪ್ಪಳ)

ನಮಸ್ಕಾರ್ರೀ. ನಮ್ಮೂರ ಭಜನಾ ಮೇಳದಲ್ಲಿ ನಾನು ಕಂಚಿನ ತಾಳ ಹಾಕುತ್ತೇನೆ. ಶ್ರಾವಣ ಸೋಮವಾರ ರಾತ್ರಿ ಭಜನೆಗೆ ಕೂತರೆ ಏಳೋದು ಬೆಳಗಿನ ಮಂಗಳಾರತಿ ಆದ ಮೇಲೆ. ಬಲಗೈ ತೋರುಬೆರಳಲ್ಲಿ ದಾರ ಸುತ್ತುವ ಕಡೆ ನೀರುಗುಳ್ಳೆ ಏಳುತ್ತಿದೆ. ಒಂದು ಒಡೆದಿದೆ, ಊಟಕ್ಕೆ ಕೂತಾಗ ಖಾರ ತಾಗಿದರೆ ಜೀವ ಹೋಗುತ್ತೆ. ಹಳೇ ತಾಳದಲ್ಲಿ ಈ ತೊಂದರೆ ಇರಲಿಲ್ಲ. ಹೊಸ ಜೋಡಿ ಸ್ವಲ್ಪ ಭಾರ, ದಾರ ನೈಲಾನ್‌ದು. ಕೈ ಜಡ್ಡುಗಟ್ಟಿದರೆ ತಾನೇ ಸರಿಹೋಗುತ್ತೆ ಅಂತಾರೆ ಹಿರಿಯರು. ಗ್ಲೌಸ್ ಹಾಕಿದರೆ ನಡೆಯುತ್ತಾ?

ಉತ್ತರ (ರಾಯಚೂರು)

ಅಣ್ಣಾ, ಮೊದಲು ಆ ನೈಲಾನ್ ದಾರ ಬಿಚ್ಚಿ ಹಾಕಿ. ತೊಂದರೆ ಅಲ್ಲೇ ಇದೆ. ನೈಲಾನ್ ಸಣ್ಣದು, ಗಟ್ಟಿ, ಬೆವರು ಹೀರಲ್ಲ. ತಾಳದ ಭಾರವೆಲ್ಲ ಒಂದು ಗೆರೆಯಷ್ಟು ಜಾಗದ ಮೇಲೆ ಬೀಳುತ್ತೆ. ಬೆವರಿಗೆ ಚರ್ಮ ಮೆತ್ತಗಾಗಿರುತ್ತೆ, ದಾರ ಅದನ್ನು ಹಿಡಿದು ಎಳೆಯುತ್ತೆ. ಮೇಲಿನ ಚರ್ಮ ಒಂದು ಕಡೆ, ಒಳಗಿನದು ಇನ್ನೊಂದು ಕಡೆ ಎಳೆದಾಡಿದಾಗ ನಡುವೆ ನೀರು ತುಂಬುತ್ತೆ. ಗುಳ್ಳೆ ಅಂದರೆ ಅದೇ.

ದಪ್ಪನೆಯ ಹತ್ತಿ ಹುರಿ ತಗೊಳ್ಳಿ. ಹೊಸ ಹುರಿ ಬಿರುಸಾಗಿದ್ದರೆ ಒಮ್ಮೆ ನೀರಲ್ಲಿ ಅದ್ದಿ, ಹಿಂಡಿ, ಒಣಗಿಸಿ. ತೂತಿನಿಂದ ಒಳಗೆ ಎಳೆದು ದೊಡ್ಡ ಗಂಟು ಹಾಕಿ. ಹೊರಗೆ ಉಳಿಯುವ ಉದ್ದ ಜಾಸ್ತಿ ಬೇಡ. ದಾರ ಉದ್ದವಾದಷ್ಟೂ ತಾಳ ತೂಗಾಡುತ್ತೆ, ಪ್ರತಿ ಪೆಟ್ಟಿಗೂ ಬೆರಳನ್ನು ಜಗ್ಗುತ್ತೆ. ಬೆರಳು ತಾಗುವ ಕಡೆ ಹಳೇ ಪಂಚೆಯ ಪಟ್ಟಿ ಸುತ್ತಿ ಹೊಲಿದರೆ ಇನ್ನೂ ಒಳ್ಳೇದು. ನಮ್ಮ ಮೇಳದ ತಾಳಗಳಿಗೆಲ್ಲ ಹೀಗೇ ಮಾಡಿದ್ದೇವೆ.

ಇನ್ನೊಂದು ಮಾತು, ಹಿಡಿತದ್ದು. ದಾರವನ್ನು ಬೆರಳಿಗೆ ಬಿಗಿಯಾಗಿ ಎರಡು ಮೂರು ಸುತ್ತು ಹಾಕಿ ಮುಷ್ಟಿ ಕಟ್ಟಿದ್ದೀರಾ ನೋಡಿ. ಒಂದೇ ಸುತ್ತು ಸಾಕು, ಸಡಿಲವಾಗಿರಲಿ. ಎರಡೂ ತಾಳವನ್ನು ಪೂರ್ತಿ ಮುಖಕ್ಕೆ ಮುಖ ಬಡಿಯಬೇಡಿ, ನಡುವೆ ಗಾಳಿ ಸಿಕ್ಕಿ ನಾದ ಸತ್ತುಹೋಗುತ್ತೆ. ಸ್ವಲ್ಪ ಓರೆಯಾಗಿ ಅಂಚಿಗೆ ಅಂಚು ತಾಗಿಸಿ. ಕಡಿಮೆ ಪೆಟ್ಟಿಗೇ ಹೆಚ್ಚು ನಾದ ಬರುತ್ತೆ, ಬೆರಳಿಗೂ ಅಷ್ಟು ಆಯಾಸ ಇರಲ್ಲ.

ಜಡ್ಡಿನ ವಿಷಯ ಹಿರಿಯರು ಹೇಳಿದ್ದು ಸುಳ್ಳಲ್ಲ, ಆದರೆ ಅದು ದಿನಾ ಸ್ವಲ್ಪ ಸ್ವಲ್ಪ ಬಾರಿಸಿದವರಿಗೆ ಬರೋದು. ವಾರಕ್ಕೊಂದು ರಾತ್ರಿ ಪೂರ್ತಿ ಬಡಿದರೆ ಬರೋದು ಗುಳ್ಳೆಯೇ.

ಉತ್ತರ (ಬಳ್ಳಾರಿ)

ಗ್ಲೌಸ್ ಬಗ್ಗೆ ನಾನು ಹೇಳ್ತೀನಿ. ಚರ್ಚುಗಳಲ್ಲಿ ಇಂಗ್ಲಿಷ್ ಹ್ಯಾಂಡ್‌ಬೆಲ್, ಅಂದರೆ ಕೈಯಲ್ಲಿ ಹಿಡಿದು ಬಾರಿಸುವ ಕಂಚಿನ ಗಂಟೆ, ಬಾರಿಸುವವರು ಗ್ಲೌಸ್ ಹಾಕುತ್ತಾರೆ. ಬೆವರು ತಾಗಿ ಕಂಚು ಮಂಕಾಗಬಾರದು ಅನ್ನೋದು ಒಂದು ಕಾರಣ, ಬೆರಳು ಉಜ್ಜಿಹೋಗಬಾರದು ಅನ್ನೋದು ಇನ್ನೊಂದು. ಆದರೆ ಅವರು ಹಿಡಿಯೋದು ಅಗಲವಾದ ಹಿಡಿಕೆ. ತಾಳದ ದಾರದ ಕೆಳಗೆ ಗ್ಲೌಸ್ ಮುದ್ದೆಯಾಗುತ್ತೆ, ಆ ಮಡಿಕೆಯೇ ಇನ್ನೊಂದು ಗುಳ್ಳೆ ಎಬ್ಬಿಸುತ್ತೆ. ಅದರ ಬದಲು ಮೆಡಿಕಲ್ ಶಾಪಿನಲ್ಲಿ ಸಿಗುವ ಬಟ್ಟೆ ಟೇಪು ಹಾಕಿ. ಕೈ ತೊಳೆದು, ಪೂರ್ತಿ ಒರೆಸಿ, ಭಜನೆಗೆ ಕೂರುವ ಮೊದಲೇ ಅಂಟಿಸಿ. ಸುಕ್ಕು ಇರಬಾರದು, ಬೆರಳು ಬಿಗಿಯಲೂಬಾರದು. ಎಣ್ಣೆ, ವ್ಯಾಸಲೀನ್ ಸವರಿ ತಾಳ ಹಿಡಿಯಬೇಡಿ. ಜಾರುತ್ತೆ ಅಂತ ಮತ್ತಷ್ಟು ಗಟ್ಟಿ ಹಿಡಿಯುತ್ತೀರಿ, ಅಷ್ಟೇ.

ಒಡೆದ ಗಾಯವನ್ನು ಸೋಪು ನೀರಲ್ಲಿ ತೊಳೆಯಿರಿ. ಮೇಲಿನ ಚರ್ಮ ಕೀಳಬೇಡಿ, ಒಳಗಿನ ಹಸಿ ಜಾಗಕ್ಕೆ ಅದೇ ಕಾವಲು. ಮನೆಯಲ್ಲಿದ್ದಾಗ ತೆಳ್ಳಗೆ ವ್ಯಾಸಲೀನ್ ಹಚ್ಚಿ ಪಟ್ಟಿ ಕಟ್ಟಿ, ದಿನಾ ಬದಲಿಸಿ. ಒಡೆಯದ ಗುಳ್ಳೆಗೆ ಸೂಜಿ ಚುಚ್ಚಬೇಡಿ. ಕೀವು, ಹಬ್ಬುವ ಕೆಂಪು, ಜ್ವರ ಕಂಡರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಸಣ್ಣ ಗಾಯವಾದರೂ ಮೊದಲೇ ತೋರಿಸಿ.

ಪ್ರಶ್ನೆ ಕೇಳಿದವರು (ಕೊಪ್ಪಳ)

ತುಂಬಾ ಉಪಕಾರ ಆಯ್ತು. ಎರಡು ಮೂರು ಸುತ್ತು ಹಾಕಿ ಬಿಗಿ ಹಿಡಿಯುತ್ತಿದ್ದದ್ದು ನಿಜ. ಹುರಿ ಬದಲಿಸಿದೆ, ಹಿಡಿತ ಈಗಲೇ ಹಗುರ ಅನಿಸುತ್ತಿದೆ. ಗಾಯ ಮಾಯದಿದ್ದರೆ ಸೋಮವಾರ ಬಾರಿಸಬಹುದಾ?

ಉತ್ತರ (ರಾಯಚೂರು)

ಹಸಿ ಗಾಯ ಇದ್ದರೆ ಬೇಡ. ಆ ದಿನ ತಾಳ ಬೇರೆಯವರಿಗೆ ಕೊಟ್ಟು ನೀವು ಹಾಡಿ. ಮಾಯ್ದ ಮೇಲೂ ರಾತ್ರಿಯಿಡೀ ಒಬ್ಬರೇ ಹಿಡಿಯಬೇಡಿ, ಎರಡು ಮೂರು ಪದಕ್ಕೊಮ್ಮೆ ಕೈ ಬದಲಾಗಲಿ. ಬೆರಳು ಬಿಸಿಯಾಗಿ ಚುರುಗುಟ್ಟಿದರೆ ಆಗಲೇ ಬಿಡಬೇಕು, ಗುಳ್ಳೆ ಏಳೋದು ಅದಾದ ಮೇಲೇ.