ಯುದ್ಧಕಾಲದ ಬೆಂಗಳೂರನ್ನು ನಡೆದು ನೋಡಿದವರು ಯಾರಾದರೂ ಇದ್ದೀರಾ?

ಮುಂದಿನ ತಿಂಗಳು ಮೈಸೂರಿನಿಂದ ಚಿಕ್ಕಪ್ಪ ಬರುತ್ತಿದ್ದಾರೆ, ರಿಟೈರ್ಡ್ ಮೇಷ್ಟ್ರು. ಎರಡು ಮಹಾಯುದ್ಧಗಳ ಕಾಲದಲ್ಲಿ ಇಲ್ಲಿನ ಜನ ಹೇಗೆ ಬದುಕಿದರು ಅನ್ನೋದನ್ನ ನಡೆದೇ ನೋಡಬೇಕಂತೆ. ರಣರಂಗದ ಕಥೆ ಬೇಡವಂತೆ. ಎಲ್ಲಿಂದ ಶುರು ಮಾಡಲಿ?

— ಸರ್, ಎಲ್ಲರೂ ಬ್ರಿಗೇಡ್ ರೋಡು, ರೆಸಿಡೆನ್ಸಿ ರೋಡು ಸೇರುವಲ್ಲಿರುವ ಸ್ಮಾರಕಕ್ಕೆ ಕರೆದುಕೊಂಡು ಹೋಗುತ್ತಾರೆ. ಅದು ಯುದ್ಧಕ್ಕೆ ಹೋಗಿ ಸತ್ತವರದ್ದು. ನೀವು ಕೇಳಿದ್ದು ಊರಲ್ಲಿ ಉಳಿದವರ ಕಥೆ ಅಲ್ವಾ? ಹಾಗಾದರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೋದಲ್ಲಿ ಇಳಿದು ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಕಡೆ ನಡೆಯಿರಿ. ಮೈಸೂರು ಸೀಮೆಯ ಗಂಧದ ಮರ ಮೊದಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಮರ ಇಲ್ಲೇ ರಾಶಿ ಬಿತ್ತು. ಆಗ ಇದೇ ಇನ್‌ಸ್ಟಿಟ್ಯೂಟಿನವರು ಎಣ್ಣೆ ತೆಗೆಯುವುದನ್ನು ಇಲ್ಲೇ ಮಾಡಿ ತೋರಿಸಿದರು, 1918ಕ್ಕೆ ಸೋಪೂ ಬಂತು. ಈಗಿರುವ ಫ್ಯಾಕ್ಟರಿ ಕಟ್ಟಡ ಆ ಕಾಲದ್ದಲ್ಲ, ಸುಮ್ನೆ ಮೊದಲೇ ಹೇಳಿಬಿಡಿ, ಮೇಷ್ಟ್ರು ಕೇಳೇ ಕೇಳುತ್ತಾರೆ.

— ನಾನಾದರೆ ಎಚ್‌ಎಎಲ್ ಮ್ಯೂಸಿಯಂ ನೋಡಿಸಿ ಆಮೇಲೆ ಬೆಳ್ಳಂದೂರು ಕೆರೆಗೆ ಕರೆದುಕೊಂಡು ಹೋಗುತ್ತೇನೆ. ನಡುವೆ ಆಟೋ ಹಿಡಿಯಿರಿ, ಆ ಟ್ರಾಫಿಕ್ಕಿನಲ್ಲಿ ನಡೆಯುವುದು ಶಿಕ್ಷೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಈ ವಿಮಾನ ಕಂಪನಿ ಶುರು ಮಾಡಿದರು, 1943ರಲ್ಲಿ ಅದು ಅಮೆರಿಕದ ವಾಯುಸೇನೆಯ ಕೈಗೆ ಹೋಗಿ ರಿಪೇರಿ ಡಿಪೋ ಆಯಿತು. ಕ್ಯಾಟಲಿನಾ ಅನ್ನೋ ನೀರಿನ ಮೇಲೆ ಇಳಿಯುವ ವಿಮಾನಗಳೂ ರಿಪೇರಿಗೆ ಬರುತ್ತಿದ್ದವು. ಅವು ಇಳಿಯುತ್ತಿದ್ದದ್ದು ಎಲ್ಲಿ ಗೊತ್ತಾ? ಈ ನೊರೆ ಕೆರೆಯಲ್ಲಿ! ದಡದಲ್ಲಿ ನಿಂತಾಗ ಅದನ್ನು ಊಹಿಸಿಕೊಳ್ಳೋಕೂ ಆಗಲಿಲ್ಲ, ಮೂಗು ಮುಚ್ಚಿಕೊಂಡಿದ್ದೆ.

— ಅಕ್ಕನ ಮನೆ ಜಾಲಹಳ್ಳಿಯಲ್ಲಿ. ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿ ಸೈನಿಕರನ್ನು ಆ ಕಡೆಯೂ ಇಟ್ಟಿದ್ದರು ಅಂತ ಓದಿ ಏಪ್ರಿಲ್ ಬಿಸಿಲಲ್ಲಿ ಹೊರಟೆ. ಒಂದು ಗೇಟಿನ ಹತ್ತಿರ ಫೋಟೋ ತೆಗೆದದ್ದೇ ತಡ, ಕಾವಲಿನವರು ಬಂದು ಫೋನು ಕೇಳಿ ಎಲ್ಲ ಫೋಟೋ ಅಳಿಸಿದರು. ಮುಕ್ಕಾಲು ಗಂಟೆ ನಿಂತಿದ್ದೆ. ಮಿಲಿಟರಿ ಜಾಗದ ಹತ್ತಿರ ಫೋನು ಜೇಬಲ್ಲೇ ಇರಲಿ.

— ಇಷ್ಟೆಲ್ಲ ಸುತ್ತುವ ಮೊದಲು ಹೊಟ್ಟೆಗೆ ಹಾಕಿ! ಜಪಾನಿನವರು 1942ರಲ್ಲಿ ಬರ್ಮಾ ಹಿಡಿದ ಮೇಲೆ ಅಲ್ಲಿನ ಅಕ್ಕಿ ನಿಂತುಹೋಯಿತು. ಯುದ್ಧದ ಆ ಅಕ್ಕಿ ಬರದಲ್ಲೇ ರವೆಯಲ್ಲಿ ಇಡ್ಲಿ ಮಾಡಿದ್ದು ನಾವು ಅಂತ ಎಂಟಿಆರ್ ಹೋಟೆಲಿನವರು ಹೇಳುತ್ತಾರೆ. ಲಾಲ್‌ಬಾಗ್ ರೋಡಿನ ಅವರ ಹೋಟೆಲಿನಲ್ಲಿ ಕೂತು ತಿನ್ನುತ್ತಾ ಚಿಕ್ಕಪ್ಪನನ್ನೇ ಕೇಳಿ, ಅವರ ಅಮ್ಮ ರೇಷನ್ ಬಗ್ಗೆ ಏನು ಹೇಳುತ್ತಿದ್ದರು ಅಂತ. ನಮ್ಮಜ್ಜಿ ಇದ್ದಿಲು ಬಸ್ಸಿನ ಕಥೆ ಹೇಳುತ್ತಿದ್ದರು. ಪೆಟ್ರೋಲ್ ಇಲ್ಲ, ಬಸ್ಸಿನ ಹಿಂದೆ ಡ್ರಮ್ಮು, ಅದರಲ್ಲಿ ಇದ್ದಿಲು ಉರಿಸಿ ಗ್ಯಾಸು. ಕ್ಲೀನರ್ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಗಾಳಿ ಹಾಕಬೇಕು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು, ಅಜ್ಜಿ ಮಾತ್ರ ಒಳಗೇ ಕೂತು ಮೈಮೇಲೆ ಬಿದ್ದ ಮಸಿ ಒರೆಸಿಕೊಳ್ಳುತ್ತಿದ್ದರಂತೆ. ಇಂಥದ್ದು ಯಾವ ಬೋರ್ಡಿನಲ್ಲೂ ಬರೆದಿರಲ್ಲ.

— ಪ್ರಶ್ನೆ ಕೇಳಿದವನೇ ಮತ್ತೆ. ಚಿಕ್ಕಪ್ಪನಿಗೆ ಫೋನಲ್ಲಿ ಎಲ್ಲ ಓದಿ ಹೇಳಿದೆ. ಮೊದಲು ರವೆ ಇಡ್ಲಿ, ಆಮೇಲೆ ಸೋಪು, ಕೆರೆ ಮಾರನೇ ದಿನ ಅಂದರು. ಭಾನುವಾರ ಎಷ್ಟು ಹೊತ್ತಿಗೆ ಹೋದರೆ ಕ್ಯೂ ಕಡಿಮೆ ಇರುತ್ತೆ?