ಪ್ಲಾಸ್ಮಾಫೆರೆಸಿಸ್‌ಗೆ ‘ರಕ್ತಶುದ್ಧಿ’ ಎನ್ನಬಹುದೇ?

ಪ್ರಶ್ನೆ: ಗಿಲ್ಲನ್-ಬಾರೆ ಸಿಂಡ್ರೋಮ್ (ರೋಗನಿರೋಧಕ ಶಕ್ತಿ ಸ್ವಂತ ನರಗಳ ಮೇಲೇ ಎರಗುವ ಕಾಯಿಲೆ) ರೋಗಿಗಳ ಮನೆಯವರಿಗಾಗಿ ಕೈಪಿಡಿ ಬರೆಯಬೇಕಿದೆ. ಪ್ಲಾಸ್ಮಾಫೆರೆಸಿಸ್‌ಗೆ (ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ತೆಗೆಯುವ ಚಿಕಿತ್ಸೆ) ‘ರಕ್ತಶುದ್ಧಿ’ ನಡೆಯುತ್ತದೆಯೇ, ‘ರಕ್ತ ಸೋಸುವಿಕೆ’ ಮೇಲೋ?

ಉತ್ತರ: ಎರಡೂ ಬೇಡ. ‘ರಕ್ತಶುದ್ಧಿ’ ಎಂದೊಡನೆ ಜನಕ್ಕೆ ಹೊಳೆಯುವುದು ಡಯಾಲಿಸಿಸ್. ಕಿಡ್ನಿ ಹೋಯಿತೆಂದೇ ಗಾಬರಿಯಾಗುತ್ತಾರೆ. ಡಯಾಲಿಸಿಸ್ ಪೊರೆಯಲ್ಲಿ ತೂರುವುದು 60 ಡಾಲ್ಟನ್ (ಅಣುತೂಕದ ಮಾನ) ತೂಗುವ ಯೂರಿಯಾದಂಥ ಸಣ್ಣ ಅಣುಗಳು. ಇಂಥ ಆಟೋಇಮ್ಯೂನ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ಎರಗುವ) ಕಾಯಿಲೆಗಳಲ್ಲಿ ಕಾಟ ಕೊಡುವ ಐಜಿಜಿ ಎಂಬ ಪ್ರತಿಕಾಯ ಸುಮಾರು 1,50,000 ಡಾಲ್ಟನ್. ಆ ಪೊರೆ ದಾಟುವುದಿಲ್ಲ. ಹಾಗಾಗಿ ಪ್ಲಾಸ್ಮಾವನ್ನೇ ಬೇರ್ಪಡಿಸಿ ಚೆಲ್ಲಿ, ರಕ್ತಕಣಗಳ ಜೊತೆ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ದ್ರಾವಣ ಸೇರಿಸಿ ವಾಪಸ್ ಕೊಡುತ್ತಾರೆ. ಸೆಂಟ್ರಿಫ್ಯೂಜ್ ಯಂತ್ರವಾದರೆ ಸೋಸುವ ಮಾತೇ ಇಲ್ಲ, ಗರಗರ ತಿರುಗಿಸಿ ಬೇರ್ಪಡಿಸುತ್ತದೆ.

1914ರಲ್ಲಿ ಜಾನ್ ಏಬೆಲ್ ಮತ್ತು ಸಂಗಡಿಗರು ಬಳಕೆಗೆ ತಂದ ‘ಪ್ಲಾಸ್ಮಾಫೆರೆಸಿಸ್’ ಪದದ ಗ್ರೀಕ್ ಮೂಲಕ್ಕೂ ‘ತೆಗೆದುಹಾಕು’ ಎಂದೇ ಅರ್ಥ. ‘ಪ್ಲಾಸ್ಮಾ ವಿನಿಮಯ’ ಅಂದರೆ ಯಾರ ಜೊತೆ ಎಂಬ ಪ್ರಶ್ನೆ ಏಳುತ್ತದೆ. ‘ಪ್ಲಾಸ್ಮಾ ಬದಲಾವಣೆ’ ಎಂದರೆ ಸಾಕು.

ರೋಗಿಯ ಪ್ಲಾಸ್ಮಾದ ಅಳತೆಯನ್ನೂ (ಲೀಟರ್‌ಗಳಲ್ಲಿ) ಬರೆಯಿರಿ: 0.065 × ತೂಕ (ಕಿಲೋ) × (1 − ಹೆಮಟೋಕ್ರಿಟ್). ಹೆಮಟೋಕ್ರಿಟ್ ಅಂದರೆ ರಕ್ತದಲ್ಲಿ ಕೆಂಪು ರಕ್ತಕಣಗಳ ಪಾಲು. 60 ಕಿಲೋ ತೂಕ, ಹೆಮಟೋಕ್ರಿಟ್ 0.40 ಇದ್ದರೆ ಪ್ಲಾಸ್ಮಾ ಸುಮಾರು 2.3 ಲೀಟರ್. ಒಂದು ಸಲಕ್ಕೆ ಅಷ್ಟನ್ನು ಬದಲಿಸಿದರೆ ರಕ್ತನಾಳದೊಳಗಿನ ಪ್ರತಿಕಾಯದಲ್ಲಿ ಹೋಗುವುದು ಸುಮಾರು 63 ಶೇಕಡ ಮಾತ್ರ, ಏಕೆಂದರೆ ಹಾಕಿದ ಆಲ್ಬುಮಿನ್ ಹಳೆಯದರ ಜೊತೆ ಬೆರೆಯುತ್ತಲೇ ಹೊರಬರುತ್ತಿರುತ್ತದೆ. ಐಜಿಜಿಯ ಅರ್ಧಕ್ಕಿಂತ ಹೆಚ್ಚು ಪಾಲು ರಕ್ತನಾಳದ ಹೊರಗಿದ್ದು, ಮತ್ತೆ ಒಳಕ್ಕೆ ಜಿನುಗುತ್ತದೆ. ದಿನ ಬಿಟ್ಟು ದಿನ, ಎರಡು ವಾರದೊಳಗೆ ಐದಾರು ಸಲ ಮಾಡುವುದು ಇದಕ್ಕೇ. ‘ಒಂದೇ ಸಲಕ್ಕೆ ಯಾಕೆ ಮುಗಿಯಲ್ಲ?’ ಅಂತ ಮನೆಯವರು ಕೇಳಿಯೇ ಕೇಳುತ್ತಾರೆ.

ಇನ್ನೊಂದು ಉತ್ತರ: ಒಪ್ಪಿದೆ. ಆದರೆ ಇಮ್ಯುನೊಅಡ್ಸಾರ್ಪ್ಷನ್‌ಗೆ ‘ಬದಲಾವಣೆ’ ಹೊಂದದು. ಅಲ್ಲಿ ಪ್ರತಿಕಾಯ ಕಾಲಂಗೆ (ಪ್ರತಿಕಾಯ ಹಿಡಿಯುವ ವಸ್ತು ತುಂಬಿದ ಕೊಳವೆ) ಅಂಟಿಕೊಳ್ಳುತ್ತದೆ, ರೋಗಿಯ ಸ್ವಂತ ಪ್ಲಾಸ್ಮಾ ವಾಪಸಾಗುತ್ತದೆ. ಟಿಟಿಪಿ ಎಂಬ, ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯಲ್ಲಿ ಆಲ್ಬುಮಿನ್ ಸಾಲದು. ಕೊರತೆಯಿರುವ ಕಿಣ್ವ ಬರಬೇಕಾದ್ದು ದಾನಿಗಳ ಪ್ಲಾಸ್ಮಾದಿಂದ. ಆದ್ದರಿಂದ ಕೈಪಿಡಿಯಲ್ಲಿ ‘ಆಲ್ಬುಮಿನ್ ಹಾಕುತ್ತಾರೆ’ ಎಂದು ಸಾರಾಸಗಟಾಗಿ ಬರೆಯಬೇಡಿ.

‘ಪ್ಯಾರೆಸ್ತೀಸಿಯಾ’ ಬದಲು ‘ತುಟಿ ಸುತ್ತ, ಬೆರಳ ತುದಿ ಜುಮುಗುಟ್ಟುವುದು’ ಎನ್ನಿ. ರಕ್ತ ಹೆಪ್ಪುಗಟ್ಟದಿರಲು ಸೇರಿಸುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಹಾಗಾಗುತ್ತದೆ. ಕೂಡಲೇ ನರ್ಸ್‌ಗೆ ಹೇಳಿದರೆ ವೇಗ ತಗ್ಗಿಸುತ್ತಾರೆ, ಬೇಕಾದರೆ ಕ್ಯಾಲ್ಸಿಯಂ ಕೊಡುತ್ತಾರೆ. ಬಿಪಿಗೆ ಎನಲಾಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಬೇಕು. ಚಿಕಿತ್ಸೆಯ ನಡುವೆ ಬಿಪಿ ಧುತ್ತನೆ ಕುಸಿಯಬಹುದು.