ಪುಟ್ಟಾ, ಆ ಕುದುರೆ ಸಿನಿಮಾ ಬಗ್ಗೆ

ಪುಟ್ಟಾ, ನಿನ್ನ ಮೆಸೇಜ್ ಓದಿದೆ. ಬಾಣಂತಿ, ಮಗು ಇಬ್ಬರೂ ಈಗಷ್ಟೇ ಮಲಗಿದ್ದಾರೆ. ಅದಕ್ಕೇ ಮೆಲ್ಲಗೆ ಮಾತಾಡುತ್ತಿದ್ದೇನೆ, ಸೌಂಡ್ ಜಾಸ್ತಿ ಮಾಡಿಕೊಂಡು ಕೇಳು. ಉದ್ದ ಆಗುತ್ತದೆ, ಯಾರೂ ಬೈಯಬೇಡಿ.

ನಿನ್ನೆ ಪಕ್ಕದ ಮನೆ ಅಜ್ಜಿಯ ಜೊತೆ ಸಿನಿಮಾ ನೋಡುತ್ತಿದ್ದ ಫೋಟೋ ಹಾಕಿದ್ದೆ ಅಲ್ವಾ. ಅದಕ್ಕೆ ನೀನು, "ಒಂದು ಕುದುರೆ, ಒಂದು ಬೈಬಲ್, ಒಬ್ಬಳು ವಿಧವೆ, ಒಂದೂವರೆ ಗಂಟೆ ಅಳು. ಚಿಕ್ಕಮ್ಮಾ, ಕೆನಡಾಕ್ಕೆ ಹೋಗಿ ಇದನ್ನಾ ನೋಡೋದು? ಯಾರು ನೋಡ್ತಾರೆ ಇಂಥದ್ದನ್ನೆಲ್ಲ?" ಅಂತ ಬರೆದೆ. ಅಕ್ಕ ಅದಕ್ಕೊಂದು ನಗುವ ಮುಖ ಬೇರೆ ಒತ್ತಿದ್ದಾಳೆ. ನೋಡಿದವಳು ನಾನು, ಹಾಗಾಗಿ ನಾನೇ ಹೇಳುತ್ತೇನೆ.

ಸಿನಿಮಾದ ಹೆಸರು 'ಲವ್ ಕಮ್ಸ್ ಸಾಫ್ಟ್‌ಲಿ'. 2003ರಲ್ಲಿ ಹಾಲ್‌ಮಾರ್ಕ್ ಚಾನೆಲ್‌ನಲ್ಲಿ ಬಂದಿದ್ದು. ಚಿನ್ನದ ಹಾಲ್‌ಮಾರ್ಕ್ ಅಲ್ಲ ಮಾರಾಯ, ಇಲ್ಲಿನ ಟಿವಿ. ಮಾರ್ಟಿ ಎಂಬ ಹುಡುಗಿ ಗಂಡನ ಜೊತೆ ಕಮಾನು ಗಾಡಿಯಲ್ಲಿ ಅಮೆರಿಕದ ಪಶ್ಚಿಮಕ್ಕೆ ಬಂದಿರುತ್ತಾಳೆ, ಹೊಸ ಜಮೀನು ಮಾಡಬೇಕೆಂದು. ಬಂದ ಸ್ವಲ್ಪದರಲ್ಲೇ ಗಂಡ ಹೋಗಿಬಿಡುತ್ತಾನೆ. ಅವನನ್ನು ಮಣ್ಣು ಮಾಡಿದ ದಿನವೇ ಕ್ಲಾರ್ಕ್ ಎಂಬ ಹೆಂಡತಿ ಸತ್ತವನು ಬಂದು ಕೇಳುತ್ತಾನೆ: ನನ್ನ ಮಗಳಿಗೆ ತಾಯಿ ಬೇಕು, ನಿನಗೆ ಚಳಿಗಾಲ ಕಳೆಯಲು ಸೂರು ಬೇಕು, ಮದುವೆ ಆಗೋಣ. ಚಳಿ ಕಳೆದು ಪೂರ್ವಕ್ಕೆ ಹೋಗುವ ಗಾಡಿಗಳು ಬಂದಾಗ ಹೋಗುವುದಾದರೆ ಹೋಗು, ಖರ್ಚು ನನ್ನದು. ಮದುವೆ ಆಗುತ್ತದೆ. ಅವಳು ಮನೆಯಲ್ಲಿ, ಅವನು ಕೊಟ್ಟಿಗೆಯಲ್ಲಿ.

ನಾನೂ ಮೊದಲು ನಕ್ಕೆ, ಸುಳ್ಳು ಯಾಕೆ ಹೇಳಲಿ. ಸೂತಕ ಕೂಡ ಕಳೆದಿಲ್ಲ, ಆಗಲೇ ಮದುವೆ ಮಾತಾ? ಅಜ್ಜಿ ಸಿನಿಮಾ ನಿಲ್ಲಿಸಿ ಹೇಳಿದರು. 1862ರಲ್ಲಿ ಅಮೆರಿಕದ ಸರ್ಕಾರ ಒಂದು ಕಾಯ್ದೆ ಮಾಡಿತಂತೆ. ಐದು ವರ್ಷ ಅಲ್ಲೇ ವಾಸ ಮಾಡಿ ಉಳುಮೆ ಮಾಡಿದವರಿಗೆ 160 ಎಕರೆ. ಕೆನಡಾದಲ್ಲೂ 1872ರಲ್ಲಿ ಅಂಥದ್ದೇ ಬಂತು, 10 ಡಾಲರ್ ಫೀಸು ಕಟ್ಟಿದರೆ ಅಷ್ಟೇ ಜಮೀನು. ಒಬ್ಬೊಬ್ಬರ ಜಮೀನೂ ಅಷ್ಟು ದೊಡ್ಡದಾದರೆ ಪಕ್ಕದ ಮನೆ ಎಲ್ಲಿರುತ್ತದೆ ನೀನೇ ಯೋಚಿಸು. ಹೊರಗೆ ಹಿಮ, ಹೊಟ್ಟೆಯಲ್ಲಿ ಮಗು, ಕೈಯಲ್ಲಿ ಕಾಸಿಲ್ಲ. ಹೂಂ ಅನ್ನದೆ ಏನು ಮಾಡುತ್ತಾಳೆ? ನಾನು ಕಿಟಕಿಯಿಂದ ಹೊರಗೆ ನೋಡಿದೆ. ಕ್ಯಾಲ್ಗರಿಯಲ್ಲಿ ನಿನ್ನೆ ಮೈನಸ್ 22. ಆಮೇಲೆ ನಗು ಬರಲಿಲ್ಲ.

ಇನ್ನೊಂದು ಮಾತು, ಈ ಕಥೆ ಬರೆದಾಕೆ ನಾವಿರುವ ಇದೇ ಆಲ್ಬರ್ಟಾ ಪ್ರಾಂತ್ಯದವರು. ಜಾನೆಟ್ ಓಕ್ ಅಂತ, 1935ರಲ್ಲಿ ಚಾಂಪಿಯನ್ ಎಂಬ ಸಣ್ಣ ಊರಲ್ಲಿ ಹುಟ್ಟಿದವರು. ಪಾಸ್ಟರ್ ಒಬ್ಬರ ಹೆಂಡತಿ. ಕಾದಂಬರಿ 1979ರದ್ದು. ನಮ್ಮ ಅಜ್ಜಿಯ ಹತ್ತಿರ ಹಳೇ ಪ್ರತಿ ಇದೆ, ಬೆನ್ನಿಗೆ ಟೇಪ್ ಅಂಟಿಸಿದ್ದಾರೆ. ಅವರ ಮೊದಲ ದೂರೇ ಅದು: ಪುಸ್ತಕದಲ್ಲಿ ಕ್ಲಾರ್ಕನ ಮಗಳು ಇನ್ನೂ ತೊದಲು ಮಾತಿನ ಮಗು, ಸಿನಿಮಾದಲ್ಲಿ ಎದುರು ಮಾತಾಡುವ ದೊಡ್ಡ ಹುಡುಗಿ. "ಯಾಕೆ ಬದಲಾಯಿಸಬೇಕಿತ್ತು?" ಅಂತ ಇಪ್ಪತ್ತು ವರ್ಷದಿಂದ ಸಿಟ್ಟು ಇಟ್ಟುಕೊಂಡಿದ್ದಾರೆ. ನನಗಂತೂ ಆ ಹುಡುಗಿಯೇ ಇಷ್ಟವಾದಳು. ಮಲತಾಯಿಯನ್ನು ಮೊದಲ ದಿನವೇ ಅಮ್ಮಾ ಅಂದಿದ್ದರೆ ನಾನು ಎದ್ದು ಹೋಗುತ್ತಿದ್ದೆ.

ಈಗ ಅಳುವಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನೀನು ತಪ್ಪು ತಿಳಿದಿರುವುದು ಅಲ್ಲೇ. ಒಂದು ಕಡೆ ಮಾರ್ಟಿ ಕೇಳುತ್ತಾಳೆ, ನಿನ್ನ ದೇವರು ಇಷ್ಟು ಒಳ್ಳೆಯವನಾದರೆ ನನಗೆ ಯಾಕೆ ಹೀಗಾಯಿತು ಅಂತ. ಕ್ಲಾರ್ಕ್ ಮಗಳನ್ನು ತೋರಿಸುತ್ತಾನೆ. ನಾನು ಪಕ್ಕದಲ್ಲೇ ನಡೆಯುತ್ತಿದ್ದರೂ ಅವಳು ಎಡವಿ ಬೀಳಬಹುದು. ನಾನೇ ಬೀಳಲು ಬಿಟ್ಟೆ ಅಂತಲ್ಲ. ಬಿದ್ದರೆ ಅಪ್ಪ ಎತ್ತಿಕೊಳ್ಳುತ್ತಾನೆ ಅಂತ ಅವಳಿಗೆ ಗೊತ್ತು. ಹೆಚ್ಚುಕಮ್ಮಿ ಇಷ್ಟೇ ಮಾತು.

ಅಜ್ಜಿಯ ಗಂಡ ಹೋಗಿ ಎರಡು ಚಳಿಗಾಲ ಆಯಿತು. ಇಲ್ಲಿ ಅಳುತ್ತಾರೆ ಅಂತ ನಾನು ಟಿಶ್ಯೂ ಡಬ್ಬ ಹತ್ತಿರ ತಳ್ಳಿದೆ. ಅಳಲಿಲ್ಲ. ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಮತ್ತೊಂದು ಸಲ. ಮೂರನೇ ಸಲ ಅವರ ತುಟಿಯೂ ಜೊತೆಗೆ ಆಡುತ್ತಿತ್ತು, ನಮ್ಮಮ್ಮ ಸಹಸ್ರನಾಮ ಕೇಳುವಾಗ ಆಡುತ್ತಿತ್ತಲ್ಲ, ಹಾಗೆ. ನಾನು ರಾಯರ ಭಕ್ತೆ, ಅವರ ದೇವರು ನನ್ನ ದೇವರಲ್ಲ. ಆ ಉತ್ತರವೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಬಿದ್ದ ಮೇಲೆ ಎತ್ತುವವನು ಬೀಳುವ ಮೊದಲೇ ಕೈ ಹಿಡಿಯಬಹುದಿತ್ತಲ್ಲ. ಆದರೆ ನಮ್ಮವರು ಹೇಳುವ "ಹಣೆಬರಹ" ಇದಕ್ಕಿಂತ ಏನು ಹೆಚ್ಚು ಸಮಾಧಾನ ಕೊಟ್ಟಿದೆ ಹೇಳು? ಅಜ್ಜಿ ಪ್ರೇಮಕಥೆಗೆ ಕೂತಿರಲಿಲ್ಲ ಪುಟ್ಟಾ. ಆ ಒಂದು ಮಾತು ಮತ್ತೆ ಕೇಳುವುದಕ್ಕೆ ಕೂತಿದ್ದರು.

ಹಾಗಂತ ಸಿನಿಮಾ ಬಂಗಾರ ಅಂತ ಹೇಳುತ್ತಿಲ್ಲ. ಕಾಡಿನಲ್ಲಿ ತಿಂಗಳುಗಟ್ಟಲೆ ಇದ್ದರೂ ಬಟ್ಟೆಗೆ ಇಸ್ತ್ರಿ ಹೋಗುವುದಿಲ್ಲ. ಗಾಡಿ ಬರುವ ಮೊದಲೇ ಅವಳಿಗೆ ಹೆರಿಗೆ ಆಗುತ್ತದೆ, ಬಾಣಂತಿ ಕಿವಿಗೆ ಒಂದು ಬಟ್ಟೆ ಕಟ್ಟುವುದಿಲ್ಲ! ನಾನು ಕೂತಲ್ಲೇ ಚಡಪಡಿಸಿದೆ. ಹೋಗಲಿ, ಅದು ತಮಾಷೆಗೆ. ನಿಜವಾಗಿ ಚುಚ್ಚಿದ್ದು ಬೇರೆ. ಇಲ್ಲಿನ ಲೈಬ್ರರಿಯಲ್ಲಿ ಮಕ್ಕಳ ಕಥೆ ಕಾರ್ಯಕ್ರಮಕ್ಕೆ ಹೋದರೂ ಮೊದಲು ಹೇಳುತ್ತಾರೆ, ಇದು ಬ್ಲ್ಯಾಕ್‌ಫುಟ್ ಮತ್ತಿತರ ಮೂಲನಿವಾಸಿಗಳ ನೆಲ, 1877ರಲ್ಲಿ ಅವರಿಗೂ ಸರ್ಕಾರಕ್ಕೂ ಆದ ಏಳನೇ ಒಪ್ಪಂದದ ಜಾಗ ಅಂತ. ಅಮೆರಿಕದಲ್ಲೂ ಹಾಗೇ, ಆ 160 ಎಕರೆಗಳಲ್ಲಿ ಮೊದಲು ಯಾರೋ ಇದ್ದರು. ಈ ಸಿನಿಮಾದಲ್ಲಿ ಮಾತ್ರ ನೆಲ ಖಾಲಿ ಬಿದ್ದಿತ್ತು, ಇವರು ಬಂದು ಪ್ರಾರ್ಥನೆ ಮಾಡಿ ಉತ್ತರು, ಅಷ್ಟೇ. ಅಜ್ಜಿಗೆ ಹೇಳಿದೆ. "ಹೌದು, ನಮ್ಮ ಪುಸ್ತಕಗಳಲ್ಲಿ ಅವರು ಇಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಈ ಸಿನಿಮಾದ ಬಾಲ ಹಿಡಿದು ಇನ್ನೂ ಹತ್ತು ಬಂದಿವೆ. ಎರಡು ನೋಡಿದೆ, ಸಾಕು. ಜಾನೆಟ್ ಓಕ್ ಅವರದೇ ಕಥೆಯಿಂದ ಹುಟ್ಟಿದ ಧಾರಾವಾಹಿ 'ವೆನ್ ಕಾಲ್ಸ್ ದಿ ಹಾರ್ಟ್' ಇದೆಯಲ್ಲ, ಅದು ನಿನ್ನ ಅಮ್ಮನಿಗೆ ಹೇಳಿ ಮಾಡಿಸಿದ್ದು. 2014ರಿಂದ ಓಡುತ್ತಿದೆ. ಗಣಿ ಊರು, ಟೀಚರ್, ಕುದುರೆ ಪೊಲೀಸ್. ಅಭಿಮಾನಿಗಳು ತಮ್ಮನ್ನು 'ಹಾರ್ಟೀಸ್' ಅಂತ ಕರೆದುಕೊಳ್ಳುತ್ತಾರೆ, ಶೂಟಿಂಗ್ ಜಾಗಕ್ಕೆ ಯಾತ್ರೆ ಹೋದ ಹಾಗೆ ಹೋಗುತ್ತಾರೆ. 2018ರಲ್ಲಿ ಆ ಪೊಲೀಸ್ ಗಂಡನನ್ನು ಸಾಯಿಸಿದರು. ನಟ ಬಿಟ್ಟು ಹೊರಟಿದ್ದ, ಇನ್ನೇನು ಮಾಡುತ್ತಾರೆ. ಜನ ನಿಜವಾದ ಸಾವಿನ ಹಾಗೆ ಗೋಳಾಡಿದರು. ಆಮೇಲೆ ಟೀಚರಿಗೆ ಇಬ್ಬರು: ಒಬ್ಬ ಮತ್ತೆ ಪೊಲೀಸ್, ಇನ್ನೊಬ್ಬ ಸಲೂನ್ ಮಾಲೀಕ. ಹೇರ್ ಕಟಿಂಗ್ ಸಲೂನ್ ಅಲ್ಲ, ಹೆಂಡದ್ದು. 2021ರಲ್ಲಿ ಅವಳು ಹೆಂಡದಂಗಡಿಯವನನ್ನು ಆರಿಸಿದಳು, ಎರಡು ಪಾರ್ಟಿ ಆಗಿ ಜಗಳವೋ ಜಗಳ. 2023ರಲ್ಲಿ ಆ ಮದುವೆ ಮಾತು ಮುರಿಯಿತು, ಕಡೆಗೆ ಪೊಲೀಸಿನವನೇ ಗೆದ್ದ. ನಮ್ಮನೆಯಲ್ಲಿ ಸಂಜೆ ಏಳೂವರೆಗೆ ಟಿವಿಯೊಳಗಿನ ಸೊಸೆಗೆ ಬುದ್ಧಿ ಹೇಳುವುದಿಲ್ಲವಾ ಅಕ್ಕ? ಅದೇ.

ಇನ್ನೊಂದು ಜಗಳ ಇದಕ್ಕಿಂತ ಸ್ವಾರಸ್ಯ. 2022ರಲ್ಲಿ 'ರಿಡೀಮಿಂಗ್ ಲವ್' ಅಂತ ಬೇರೊಂದು ಸಿನಿಮಾ ಬಂತು. 1850ರ ಕ್ಯಾಲಿಫೋರ್ನಿಯಾ, ಚಿನ್ನ ಅಗೆಯುವವರ ಕಾಲ. ಶೂಟಿಂಗ್ ಮಾಡಿದ್ದು ಮಾತ್ರ ದಕ್ಷಿಣ ಆಫ್ರಿಕಾದಲ್ಲಿ. ವೇಶ್ಯೆಯರ ಮನೆಯಲ್ಲಿರುವ ಹುಡುಗಿಯನ್ನು ಒಬ್ಬ ದೈವಭಕ್ತ ರೈತ ಮದುವೆ ಆಗುತ್ತಾನೆ. ಅವಳು ಓಡಿಹೋಗುತ್ತಾಳೆ, ಅವನು ಮತ್ತೆ ಕರೆದುಕೊಂಡು ಬರುತ್ತಾನೆ. ಬೈಬಲ್‌ನ ಹೋಶೇಯ ಎಂಬ ಪ್ರವಾದಿಯ ಕಥೆಯನ್ನೇ ಅಲ್ಲಿಗೆ ತಂದದ್ದು. ವಿಮರ್ಶಕರು ಪೂರಾ ಚಚ್ಚಿದರು, ದುಡ್ಡು ಕೊಟ್ಟು ನೋಡಿದವರು ಹೊಗಳಿದರು. ಆದರೆ ಚರ್ಚಿಗೆ ಹೋಗುವವರಲ್ಲೇ ಒಡಕು. ಇಂಥ ಹಾಸಿಗೆಯ ದೃಶ್ಯ ಇಟ್ಟುಕೊಂಡು ದೇವರ ಸಿನಿಮಾ ಅನ್ನುವುದು ಹೇಗೆ ಅಂತ ಕೆಲವರು. ಪಾಪ ತೋರಿಸದೆ ಕ್ಷಮೆ ತೋರಿಸುವುದು ಹೇಗೆ ಅಂತ ಇನ್ನು ಕೆಲವರು. ನಮ್ಮ ಅಜ್ಜಿ ಅರ್ಧಕ್ಕೇ ನಿಲ್ಲಿಸಿದರಂತೆ. ಮಾರನೇ ದಿನ ಉಳಿದರ್ಧ ನೋಡಿದರಂತೆ. ಇದನ್ನು ಹೇಳುವಾಗ ಮುಖ ಕೆಂಪಾಗಿತ್ತು.

ಸಿನಿಮಾ ಮುಗಿದ ಮೇಲೆ, ಮೊದಲನೆಯದು, ಆ ಗಾಡಿ ಬಂದಾಗ ಅವಳು ಏನು ಮಾಡಿದಳು ಅಂತ ನಾನು ಹೇಳಲ್ಲ, ನೀನೇ ನೋಡು. ಮುಗಿದ ಮೇಲೆ ಅಜ್ಜಿ ಕೇಳಿದರು, ಗುರುತಿಲ್ಲದವರನ್ನು ಮದುವೆ ಆಗುವುದು ನಿನಗೂ ವಿಚಿತ್ರ ಅನಿಸಿತಾ ಅಂತ. ನನಗೆ ನಗು ತಡೆಯಲಿಲ್ಲ. ನಾನು ನಿಮ್ಮ ಚಿಕ್ಕಪ್ಪನನ್ನು ನೋಡಿದ್ದು ಹತ್ತು ನಿಮಿಷ, ಅದರಲ್ಲಿ ಎಂಟು ನಿಮಿಷ ಉಪ್ಪಿಟ್ಟಿನ ತಟ್ಟೆ ನೋಡಿದೆ ಅಂದೆ. ಅವರು ಕಣ್ಣರಳಿಸಿ, "ಮತ್ತೆ ಪ್ರೀತಿ ಯಾವಾಗ ಬಂತು?" ಅಂತ ಕೇಳಿದರು. ಎಷ್ಟು ಯೋಚಿಸಿದರೂ ತಿಥಿ, ವಾರ ಸಿಗಲಿಲ್ಲ. ರಾತ್ರಿ ಚಿಕ್ಕಪ್ಪನಿಗೇ ಫೋನ್ ಮಾಡಿ ಕೇಳಿದೆ, ರೀ, ನಮಗೆ ಯಾವಾಗ್ರೀ ಅಂತ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಅದಿರಲಿ, ಸಾರಿನ ಪುಡಿ ಡಬ್ಬ ಎಲ್ಲಿಟ್ಟಿದ್ದೀಯೆ?" ಅಂದರು. ಅಷ್ಟರಲ್ಲಿ ಲೈನ್ ಕಟ್ಟಾಯಿತು, ಮತ್ತೆ ಮಾಡಿದರೆ ಎತ್ತುತ್ತಿಲ್ಲ. ಎರಡನೇ ಶೆಲ್ಫಿನಲ್ಲಿ, ಹುಣಸೆಹಣ್ಣಿನ ಭರಣಿಯ ಹಿಂದೆ, ಸ್ಟೀಲ್ ಡಬ್ಬ. ಹೋಗಿ ತೆಗೆದುಕೊಟ್ಟು ಬಾ ಪುಟ್ಟಾ, ಅವರಿಗೆ ಕಾಣಿಸುವುದಿಲ್ಲ.